ಧಾರವಾಡವೂ ಅದರ ವಿದ್ಯಾಪೀಠವೂ

(ಧಾರವಾಡದಲ್ಲಿ ಕೂಡಿದ ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಊರಿನ ವರ್ಣನೆಯನ್ನು ಊರವರ ಮುಂದೆಯೇ ಮಾಡುವದು ಕಠಿಣವಾದ ಕೆಲಸ. ಧಾರವಾಡದವರು ಮೊದಲೇ ಅಭಿಮಾನಿಗಳು. ಇಲ್ಲಿ ಕಲ್ಲೆಸೆದರೆ ಅದು ಕವಿಯ ಮನೆಯ ಮೇಲೆಯೇ ಬೀಳುವದೆಂದು ಹೊರಗಿನವರು ಚೇಷ್ಟೆಗೆ ಆಡಿದ ಮಾತನ್ನು ನಾವು ಮಾನಪತ್ರವೆಂದು ತಿಳಿದು ತಲೆಯ ಮೇಲೆ ಹೊತ್ತುಕೊಂಡಿರುವೆವು. ಆದರೆ ಇಂದು ನಾವು ಸ್ತುತಿಪಾಠಕ್ಕಾಗಿ ನಿಂತಿಲ್ಲ. 1962ರಲ್ಲಿ ಹುಬ್ಬಳ್ಳಿಯೊಡನೆ ಒಂದೇ ನೊಗಕ್ಕೆ ಕಟ್ಟಲ್ಪಟ್ಟ ಈ ಊರಿಗೆ ಪ್ರತ್ಯೇಕ ಮಹಾನಗರಪಾಲಿಕೆಯನ್ನು ಕೊಡಲು ರಾಜ್ಯದ ಮಂತ್ರಿಮಂಡಲವು 2025ರ ಜನೇವರಿಯಲ್ಲಿ ಒಪ್ಪಿತು. ಬೇರೆ ಮನೆ ಮಾಡುವ ಮಗನು ಒಲೆ ಎಲ್ಲಿ, ಬಾವಿ ಎಲ್ಲಿ ಎಂದು ಮೊದಲು ವಿಚಾರಿಸುವನು. ಅದರಂತೆ ನಮ್ಮದು ಯಾವ ಬಗೆಯ ಊರು, ಅದು ಹೀಗೆ ಆದುದು ಯಾರಿಂದ, ಇನ್ನು ಮುಂದೆ ಅದನ್ನು ನಡೆಯಿಸುವ ಹೊಣೆ ಯಾರದು ಎಂಬದನ್ನು ಈಗಲೇ ವಿಚಾರಿಸುವದು ಉಚಿತ.

ವಕೀಲರ ರೂಢಿಯಂತೆ ನಮ್ಮ ವಾದವನ್ನು ಮೊದಲೇ ಹೇಳಿಬಿಡುವೆವು. ವಿದ್ಯಾಪೀಠವು ಬಂದು ಧಾರವಾಡವನ್ನು ವಿದ್ಯೆಯ ಊರನ್ನಾಗಿ ಮಾಡಿತೆಂದು ಹೊಸಬರು ತಿಳಿಯುವರು. ಕಾಗದಪತ್ರಗಳು ಬೇರೆ ಮಾತು ಹೇಳುವವು. ಈ ಊರಿನ ಮಾಸ್ತರರು, ವಕೀಲರು, ಜಮೀನುದಾರರು, ಮಠದ ಸ್ವಾಮಿಗಳು ಅರವತ್ತು ವರ್ಷ ಮೊದಲೇ ಒಂದೊಂದು ಕಲ್ಲನ್ನಾಗಿ ಇಟ್ಟು ಕಟ್ಟಿದ ಕಟ್ಟಡದ ಮೇಲೆ ವಿದ್ಯಾಪೀಠವು ಕಳಸದಂತೆ ಏರಿತು. ಕಳಸವು ಎಲ್ಲರಿಗೂ ಕಾಣುವದು. ತಳಪಾಯವನ್ನು ಯಾರೂ ನೋಡುವದಿಲ್ಲ. ಅದು ಸಡಿಲಾದಾಗ ಮಾತ್ರ ನೆನಪಾಗುವದು.

ಮೊದಲು ನೆಲದ ಮಾತು. ಸಹ್ಯಾದ್ರಿಯ ಅಡವಿಯು ಮುಗಿದು ಬಯಲುಸೀಮೆಯು ಸುರುವಾಗುವ ಅಂಚಿನ ಮೇಲೆ, ಸಮುದ್ರಮಟ್ಟಕ್ಕಿಂತ ಸುಮಾರು 2,400 ಅಡಿ ಎತ್ತರದಲ್ಲಿ ಧಾರವಾಡವು ಕುಳಿತಿರುವದು. ಪಡುವಲಕ್ಕೆ ಅಳ್ನಾವರ, ಕಲಘಟಗಿಗಳ ಕಡೆಗೆ ಹೊರಟರೆ ಬತ್ತದ ಗದ್ದೆ, ಕೆಂಪು ಮಣ್ಣು, ಕಾಡು. ಮೂಡಲಕ್ಕೆ ನವಲಗುಂದದ ಕಡೆಗೆ ಹೊರಟರೆ ಕಣ್ಣು ಹಾಯುವವರೆಗೆ ಎರೆಯ ನೆಲ, ಜೋಳ, ಹತ್ತಿ. ಹೀಗಾಗಿ ಮಲೆನಾಡಿನವನಿಗೂ ಬಯಲುನಾಡಿನವನಿಗೂ ಇದು ಸಮೀಪದ ಪೇಟೆ. ನೀರು ಕೂಡ ಇಲ್ಲಿ ಎರಡು ಮನಸ್ಸು ಮಾಡುವದು. ಸೋಮೇಶ್ವರನ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯು ಮುಂದೆ ಬೇಡ್ತಿಯೆಂದೂ ಗಂಗಾವಳಿಯೆಂದೂ ಹೆಸರು ಪಡೆದು ಪಡುಗಡಲನ್ನು ಸೇರುವದು. ಮೂಡಲ ಇಳಿಜಾರಿನ ಮಳೆಯು ತುಪ್ಪರಿ ಹಳ್ಳ, ಬೆಣ್ಣೆ ಹಳ್ಳಗಳ ದಾರಿಯಿಂದ ಮಲಪ್ರಭೆಗೆ, ಕೃಷ್ಣೆಗೆ, ಕೊನೆಗೆ ಮೂಡುಗಡಲಿಗೆ ಹೋಗುವದು. (ಹೆಸರಿನಲ್ಲಿ ತುಪ್ಪ, ಬೆಣ್ಣೆ, ಮಳೆಗಾಲದಲ್ಲಿ ಹೊಲ ಕೊಚ್ಚಿಕೊಂಡು ಹೋಗುವಾಗ ಆ ಹಳ್ಳಗಳ ಸ್ವಭಾವವನ್ನು ನವಲಗುಂದದ ರೈತರನ್ನು ಕೇಳಿರಿ.)

ದಿಣ್ಣೆಯ ಮೇಲಿನ ಊರಿಗೆ ಗಾಳಿ ಒಳ್ಳೆಯದು, ನೀರು ಕಡಿಮೆ. ಆದುದರಿಂದ ಹಿರಿಯರು ಕೆರೆಗಳನ್ನು ಕಟ್ಟಿದರು. ಏಳು ಗುಡ್ಡ, ಏಳು ಕೆರೆಯ ಊರೆಂದು ಹೇಳುವ ವಾಡಿಕೆ ಇರುವದು. ಎಣಿಸಲು ಹೊರಟವರಿಗೆ ಗುಡ್ಡಗಳು ಸಿಕ್ಕಾವು, ಕೆರೆಗಳು ಸಿಗಲಾರವು. ಸಾಧನಕೇರಿ ಉಳಿದಿದೆ, ಕೆಲಗೇರಿ ಉಳಿದಿದೆ. ಎಷ್ಟೋ ಕೆರೆಗಳ ಅಂಗಳದಲ್ಲಿ ಇಂದು ಕಟ್ಟಡಗಳು ಎದ್ದಿವೆ. ಊರಿನ ಬಾಯಾರಿಕೆಯನ್ನು ಈಗ ಸವದತ್ತಿಯ ಹತ್ತಿರ ಮಲಪ್ರಭೆಗೆ ಕಟ್ಟಿದ ಜಲಾಶಯದ ನೀರು ತಣಿಸುವದು. ಕೊಳವೆಯಲ್ಲಿ ಬಂದ ನೀರು ಯಾರ ಕೆರೆಯನ್ನೂ ನೆನಪಿಸುವದಿಲ್ಲವಷ್ಟೆ.

ಊರಿನ ಹಾಲಿನ ಮಾತನ್ನೂ ಹೇಳಬೇಕು. ಗವಳಿಗರು ಊರ ಸುತ್ತಲಿನ ಗಾಯರಾಣಗಳಲ್ಲಿ ಮೇಯಿಸಿ ಸಾಕಿದ ಎಮ್ಮೆಗಳ ಹಾಲಿನಿಂದಲೇ ಧಾರವಾಡದ ಪೇಢೆಯು ಹುಟ್ಟಿತು. ಅದನ್ನು ಇಲ್ಲಿ ಸುರು ಮಾಡಿದ ಠಾಕೂರರ ಮನೆತನವು ಉತ್ತರ ಹಿಂದುಸ್ತಾನದ ಉನ್ನಾವದಿಂದ ಬಂದುದು. ಈ ಎಮ್ಮೆಯ ತಳಿಯನ್ನು ಕೃಷಿ ವಿದ್ಯಾಪೀಠದವರು ಅಳೆದು, ತೂಗಿ, ದಾಖಲೆ ಮಾಡಿದ ಮೇಲೆ 2021ರಲ್ಲಿ ‘ಧಾರವಾಡಿ’ ಎಂಬ ಹೆಸರಿನಿಂದ ಅದಕ್ಕೆ ರಾಷ್ಟ್ರೀಯ ಮನ್ನಣೆ ದೊರೆಯಿತು. ಓದು ಕಲಿತವರು ಗವಳಿಗರ ಕೊಟ್ಟಿಗೆಯವರೆಗೆ ನಡೆದುಹೋಗಿ ಮಾಡಿದ ಈ ಕೆಲಸವನ್ನು ನಾವು ಅನೇಕ ಪ್ರಬಂಧಗಳಿಗಿಂತ ದೊಡ್ಡದೆಂದು ಎಣಿಸುವೆವು.

ರಾಜರ ಇತಿಹಾಸವನ್ನು ಬೇಗ ಮುಗಿಸುವೆವು. ದ್ವಾರವಾಟವೆಂಬ ಶಬ್ದದಿಂದ ಊರಿನ ಹೆಸರು ಬಂದಿತೆಂದು ಪಂಡಿತರು ಹೇಳುವರು. ಅಡವಿಗೂ ಬಯಲಿಗೂ ನಡುವಿನ ಬಾಗಿಲು ಎಂಬರ್ಥದಲ್ಲಿ ಅದು ತಕ್ಕ ಹೆಸರೇ ಸರಿ. ಸಮೀಪದ ನರೇಂದ್ರ ಗ್ರಾಮದ 12ನೆಯ ಶತಮಾನದ ಶಾಸನವು ಊರಿನ ಪ್ರಾಚೀನತೆಗೆ ಸಾಕ್ಷಿ. ವಿಜಯನಗರದವರು, ವಿಜಾಪುರದವರು, ಮೊಗಲರು, ಮರಾಠರು, ಹೈದರ, ಟಿಪ್ಪು ಎಲ್ಲರೂ ಇಲ್ಲಿಯ ಕೋಟೆಗಾಗಿ ಕಾದಾಡಿದರು. 1790ರ ಸಪ್ಟೆಂಬರದಿಂದ 1791ರ ಏಪ್ರಿಲದವರೆಗೆ ಪರಶುರಾಮಭಾವುವಿನ ಮರಾಠಾ ಸೈನ್ಯವೂ ಇಂಗ್ಲಿಷರ ತುಕಡಿಯೂ ಈ ಕೋಟೆಯನ್ನು ಮುತ್ತಿದ್ದವು. ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನನು ಅಷ್ಟು ತಿಂಗಳು ಅದನ್ನು ಬಿಟ್ಟುಕೊಡಲಿಲ್ಲ. 1818ರಲ್ಲಿ ಊರು ಇಂಗ್ಲಿಷರ ಕೈಸೇರಿತು. 1824ರಲ್ಲಿ ಇಲ್ಲಿಂದ ಕಿತ್ತೂರಿನ ಮೇಲೆ ಏರಿಹೋದ ಕಲೆಕ್ಟರ ಥ್ಯಾಕರೆಯು ರಾಣಿ ಚೆನ್ನಮ್ಮನ ಸೈನ್ಯದ ಕೈಯಲ್ಲಿ ಮಡಿದನು. ಕೋಟೆಯಲ್ಲಿ ಇಂದು ಉಳಿದಿರುವದು ಮುಖ್ಯವಾಗಿ ಒಂದು ಹೆಬ್ಬಾಗಿಲು. ಕೋಟೆ ಹೋಯಿತೆಂದು ದುಃಖಪಡುವ ಕಾರಣ ನಮಗೆ ಕಾಣುವದಿಲ್ಲ. ಊರಿನ ನಿಜವಾದ ಚರಿತ್ರೆಯು ಆಮೇಲೆ ಸುರುವಾಗುವದು.

ಪೇಶವೆಗಳ ಆಳಿಕೆಯ ಬಳಿಕ ಮುಂಬಯಿ ಇಲಾಖೆಗೆ ಸೇರಿದ ಈ ನಾಡಿನಲ್ಲಿ ಕಚೇರಿಯ ಮಾತು ಮರಾಠಿ, ಸಾಲೆಯ ಮಾತು ಮರಾಠಿ. ಮನೆಯಲ್ಲಿ ಕನ್ನಡ ಆಡುವ ಹುಡುಗನು ಸಾಲೆಯಲ್ಲಿ ಪರಭಾಷೆಯಿಂದ ಅಕ್ಷರ ಕಲಿಯಬೇಕಾಗಿತ್ತು. ಯಾವ ಭಾಷೆಯ ಮೇಲೂ ನಮಗೆ ದ್ವೇಷವಿಲ್ಲ. ಆದರೆ ತಾಯಿಯ ಮಾತನ್ನು ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಬರಬೇಕೆಂಬ ಸಾಲೆಯು ಜನರ ಸಾಲೆಯಾಗುವದು ಹೇಗೆ? ಈ ಸ್ಥಿತಿಯನ್ನು ಬದಲಿಸಲು ಹೆಣಗಿದವರು ಡೆಪ್ಯುಟಿ ಚೆನ್ನಬಸಪ್ಪನವರು. 1834ರಲ್ಲಿ ಈ ಊರಲ್ಲಿಯೇ ಹುಟ್ಟಿದ ಅವರು ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ ಹಳ್ಳಿ ಹಳ್ಳಿ ತಿರುಗಿ, ಮಕ್ಕಳನ್ನು ಕನ್ನಡ ಸಾಲೆಗೆ ಕಳಿಸಿರೆಂದು ತಂದೆತಾಯಿಗಳ ಮನವೊಲಿಸಿದರು. ಇಲ್ಲಿಯ ಟ್ರೇನಿಂಗ ಕಾಲೇಜಿನಲ್ಲಿ ಕಲಿತ ಮಾಸ್ತರರು ವಿಜಾಪುರದಿಂದ ಕಾರವಾರದವರೆಗೆ ಹರಡಿ ಕನ್ನಡದ ಅಕ್ಷರವನ್ನು ಬಿತ್ತಿದರು. ಗುರುಜನರೇ, ಇದು ನಿಮ್ಮ ವಂಶಾವಳಿ. ಕವಿಗಳ ಊರೆಂಬ ಕೀರ್ತಿಯು ಧಾರವಾಡಕ್ಕೆ ಆಮೇಲೆ ಬಂದಿತು. ಮೊದಲು ಇದು ಮಾಸ್ತರರ ಊರು.

1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರೂ ಅವರ ಗೆಳೆಯರೂ ಕೂಡಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. 1896ರಿಂದ ಸಂಘದ ‘ವಾಗ್ಭೂಷಣ’ ಪತ್ರಿಕೆಯು ಹೊರಟಿತು. ಆ ಹೆಸರಿನಲ್ಲಿರುವ ‘ಕರ್ನಾಟಕ’ವೆಂಬ ಶಬ್ದದ ಮೇಲೆ ಸ್ವಲ್ಪ ನಿಲ್ಲಿರಿ. ಆಗ ಭೂಪಟದಲ್ಲಿ ಕರ್ನಾಟಕವಿಲ್ಲ. ಕನ್ನಡಿಗರು ಮುಂಬಯಿ, ಮದ್ರಾಸ, ಹೈದರಾಬಾದ, ಮೈಸೂರು, ಕೊಡಗು ಎಂದು ಹಂಚಿಹೋದವರು. ನಡುನಡುವೆ ಸಣ್ಣ ಸಂಸ್ಥಾನಗಳು ಬೇರೆ. ಆದರೂ ಈ ಊರಿನ ಫಲಕಗಳ ಮೇಲೆ ಮಾತ್ರ ಕರ್ನಾಟಕವಿತ್ತು. ಸಂಘಕ್ಕೆ 1890ರಲ್ಲಿ ಆ ಹೆಸರು, ಕಾಲೇಜಿಗೆ 1917ರಲ್ಲಿ, ವಿದ್ಯಾಪೀಠಕ್ಕೆ 1949ರಲ್ಲಿ. ಕನ್ನಡ ಪ್ರಾಂತವು ಕೂಡಿದುದು 1956ರ ನವೆಂಬರ 1ರಂದು, ಅದಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರಲ್ಲಿ. ಮಗು ಹುಟ್ಟುವದಕ್ಕೆ ಮೊದಲೇ ತೊಟ್ಟಿಲ ಮೇಲೆ ಹೆಸರು ಬರೆದಿಟ್ಟ ಊರು ಇದು.

ಕಾಲೇಜಿನ ಕಥೆಯು ಕೇಳತಕ್ಕದ್ದು. ಇಲ್ಲಿಯ ಹುಡುಗನು ಬಿ.ಎ. ಓದಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕು. ಆಲೂರ ವೆಂಕಟರಾಯರು ಹಾಗೆಯೇ ಹೋದರು, ಬೇಂದ್ರೆಯವರು ಹಾಗೆಯೇ ಹೋದರು. ಹೋಗಲಾರದವರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ. ಕಾಲೇಜು ಬೇಕೆಂದು ಕೇಳಿದಾಗ ಸರಕಾರವು ಜನರ ಹಣದ ಚೀಲದ ಕಡೆಗೆ ನೋಡಿತು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರು ಊರೂರು ತಿರುಗಿ ವಂತಿಗೆ ಕೂಡಿಸಿದರು. ಒಬ್ಬರು ಬ್ರಾಹ್ಮಣರು, ಒಬ್ಬರು ಲಿಂಗಾಯತರು. ಆ ಕಾಲದಲ್ಲಿ ಈ ಎರಡು ಪಂಗಡಗಳ ನಡುವೆ ಇದ್ದ ಬಿರುಕನ್ನು ಬಲ್ಲವರಿಗೆ ಈ ಕೂಡಾಟದ ಬೆಲೆ ತಿಳಿಯುವದು. 1917ರಲ್ಲಿ ಕರ್ನಾಟಕ ಕಾಲೇಜು ಸುರುವಾಯಿತು. ಕಟ್ಟಡವೋ, ಸದರ್ನ್ ಮರಾಠಾ ರೇಲ್ವೆ ಕಂಪನಿಯ ಮುಖ್ಯ ಕಚೇರಿ. ಆ ಕಂಪನಿಯು 1908ರಲ್ಲಿ ಮದ್ರಾಸಿನ ಕಂಪನಿಯೊಡನೆ ಕೂಡಿಹೋದ ಮೇಲೆ ಬರಿದಾದ ಆ ಭವ್ಯವಾದ ಕಲ್ಲಿನ ಕಟ್ಟಡಕ್ಕೆ ಕಾಲೇಜು ಬಂದಿತು. ಟನ್ನು, ಮೈಲು, ಬಾಡಿಗೆ ಲೆಕ್ಕ ಹಾಕುತ್ತಿದ್ದ ಕೋಣೆಗಳಲ್ಲಿ ಕಾಳಿದಾಸ, ಪಂಪ, ಷೇಕ್ಸ್‌ಪಿಯರರು ಬಿಡಾರ ಹೂಡಿದರು.

ಅದೇ 1917ರಲ್ಲಿ ಆಲೂರರ ‘ಕರ್ನಾಟಕ ಗತವೈಭವ’ವು ಹೊರಬಿದ್ದಿತು. 1920ರಲ್ಲಿ ಕರ್ನಾಟಕದ ಮೊದಲ ರಾಜಕೀಯ ಪರಿಷತ್ತು ಇಲ್ಲಿಯೇ ವಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ನೆರೆಯಿತು. ಮರುವರ್ಷ, 1921ರ ಜುಲೈ 1ರಂದು, ಸೆರೆಯ ಅಂಗಡಿಯ ಮುಂದೆ ನಡೆದ ಪಿಕೆಟಿಂಗಿನ ಕಾಲಕ್ಕೆ ಪೋಲೀಸರು ಗುಂಡು ಹಾರಿಸಿದರು. ಮೂವರು ಖಿಲಾಫತ ಸ್ವಯಂಸೇವಕರು ಪ್ರಾಣ ತೆತ್ತರು. ಜಕ್ಕಣಿ ಬಾವಿಯ ಹತ್ತಿರದ ಸ್ಮಾರಕದ ಮುಂದೆ ನಾವು ದಿನಾಲು ಹಾಯ್ದುಹೋಗುವೆವು. ಅದರ ಮುಂದೆ ವಾಹನ ನಿಲ್ಲಿಸುವವರಲ್ಲಿ ಎಷ್ಟು ಮಂದಿಗೆ ಅದು ಯಾರ ನೆನಪಿನದೆಂಬದು ಗೊತ್ತಿರುವದು? ಪಾಠಪುಸ್ತಕದಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ, ನಿಮ್ಮ ತರಗತಿಯ ಹುಡುಗರನ್ನು ಒಂದು ಮುಂಜಾನೆ ಅಲ್ಲಿಗೆ ನಡೆಯಿಸಿಕೊಂಡು ಹೋಗಿರಿ.

ಮುಂದೆ ಬೇಂದ್ರೆಯವರ ಗೆಳೆಯರ ಗುಂಪು ಬಂದಿತು, 1933ರಲ್ಲಿ ಜಿ. ಬಿ. ಜೋಶಿಯವರ ಮನೋಹರ ಗ್ರಂಥಮಾಲೆ. ಈ ಸಾಹಿತ್ಯವು ಕಾಲೇಜಿನ ಗೋಡೆಯೊಳಗೆ ಬೆಳೆಯಲಿಲ್ಲವೆಂಬದನ್ನು ಗಮನಿಸಿರಿ. ಸಾಧನಕೇರಿಯ ದಂಡೆ, ಸುಭಾಸ ರಸ್ತೆಯ ಅಟ್ಟ, ಚಹದ ಅಂಗಡಿಯ ಬೆಂಚು, ಇವೇ ಅದರ ತರಗತಿಗಳು. ಬೇಂದ್ರೆಯವರು ಸಾಲೆಯ ಮಾಸ್ತರರಾಗಿದ್ದರು, ‘ನರಬಲಿ’ಯೆಂಬ ಕವನಕ್ಕಾಗಿ ಸೆರೆಮನೆ ಕಂಡರು, ಕೆಲಸವಿಲ್ಲದೆ ಕಷ್ಟಪಟ್ಟರು; ಆದರೂ ಊರು ಅವರನ್ನು ಕೈಬಿಡಲಿಲ್ಲ. ಗೋಕಾಕರು ಈ ಗುಂಪಿನಲ್ಲಿ ಬೆಳೆದು ಕರ್ನಾಟಕ ಕಾಲೇಜಿನ ಪ್ರಾಚಾರ್ಯರಾದರು. ಅದೇ ಕಾಲೇಜಿನಲ್ಲಿ ಗಣಿತ ಓದಿದ ಗಿರೀಶ ಕಾರ್ನಾಡರ ‘ಯಯಾತಿ’ಯು 1961ರಲ್ಲಿ ಅದೇ ಅಟ್ಟದಿಂದ ಅಚ್ಚಾಗಿ ಇಳಿಯಿತು. ಸಂಗೀತದ ಮಾತೂ ಅದೇ. ಮನಸೂರೆಂಬ ಹಳ್ಳಿಯಿಂದ ನಾಟಕ ಮಂಡಳಿ ಸೇರಿ ಬಂದ ಮಲ್ಲಿಕಾರ್ಜುನ ಮನಸೂರರಾಗಲಿ, ಈ ಊರಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರಾಗಲಿ, ಬಸವರಾಜ ರಾಜಗುರುಗಳಾಗಲಿ ಯಾವ ಪದವಿಯನ್ನು ಪಡೆದು ಗಾಯಕರಾದರು? ಪದವಿಗಳು ತಾವಾಗಿ ಅವರ ಮನೆ ಹುಡುಕಿಕೊಂಡು ಬಂದವು.

ಇಷ್ಟೆಲ್ಲ ಸಿದ್ಧವಾದ ಮೇಲೆ ವಿದ್ಯಾಪೀಠ. ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಗಿ ಮರುವರ್ಷ ಧಾರವಾಡಕ್ಕೆ ಬಂದಿತು. ಅದೇ 1950ರ ಜನೇವರಿಯಲ್ಲಿ ಇಲ್ಲಿಯ ಆಕಾಶವಾಣಿ ಕೇಂದ್ರವೂ ಸುರುವಾಯಿತು. 1954ರಿಂದ 1967ರವರೆಗೆ ಉಪಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರು ಛೋಟಾ ಮಹಾಬಳೇಶ್ವರದ ಬೋಳುಗುಡ್ಡದ ಮೇಲೆ ಇಂದು ಕಾಣುವ ವಿದ್ಯಾನಗರವನ್ನು ಕಟ್ಟಿಸಿದರು. ಗೋಕಾಕ ಸೀಮೆಯ ಹಳ್ಳಿಯಿಂದ ಹೊರಟು ಕೇಂಬ್ರಿಜದಲ್ಲಿ ರ‍್ಯಾಂಗ್ಲರರಾಗಿ ಬಂದ ಈ ಗಣಿತಜ್ಞರು ಕಟ್ಟುವದರಲ್ಲಿಯೂ ಲೆಕ್ಕ ತಪ್ಪಿದವರಲ್ಲ. 1947ರಲ್ಲಿ ಸುರುವಾದ ಕೃಷಿ ಕಾಲೇಜು 1986ರಲ್ಲಿ ತಾನೇ ಒಂದು ವಿದ್ಯಾಪೀಠವಾಯಿತು. ಕರ್ನಾಟಕ ವಿಶ್ವವಿದ್ಯಾಲಯದ ಹೊಟ್ಟೆಯಿಂದ 1980ರಲ್ಲಿ ಗುಲಬರ್ಗೆಯ ವಿದ್ಯಾಪೀಠವೂ 2010ರಲ್ಲಿ ಬೆಳಗಾವಿಯದೂ ಹೊರಟವು. ತಾಯಿಯು ಸೊರಗಿದಳೆಂದು ಕೆಲವರು ಕೊರಗುವರು, ಮಕ್ಕಳು ಬೆಳೆದರೆಂದು ನಾವು ಸಂತೋಷಪಡುವೆವು. 2016ರಲ್ಲಿ ಐ.ಐ.ಟಿ.ಯೂ ಬಂದಿತು. ನಮ್ಮ ವೃತ್ತಿಯವರಿಗೆ 2008ರಲ್ಲಿ ಉಚ್ಚ ನ್ಯಾಯಾಲಯದ ಪೀಠವು ದೊರೆತುದನ್ನು ನಾವಾಗಿ ಹೇಳಿಕೊಳ್ಳುವದು ಬೇಡ.

ಇನ್ನು ಊರಿನ ಜೀವನ. ಹಳ್ಳಿಯ ಬಡಹುಡುಗನು ಇಲ್ಲಿ ಉಂಡದ್ದೆಲ್ಲಿ, ಮಲಗಿದ್ದೆಲ್ಲಿ? ವಿದ್ಯಾಪೀಠದ ಚರಿತ್ರೆ ಬರೆಯುವವರು ಕೇಳದ ಪ್ರಶ್ನೆಯಿದು. ಕೆಲವರು ವಾರಾನ್ನ ಉಂಡರು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಯಿಸಿದ ಪ್ರಸಾದ ನಿಲಯದಲ್ಲಿ ಸಾವಿರಾರು ಹುಡುಗರು ಉಂಡು ಓದಿದರು. ಒಂದೊಂದು ಸಮಾಜದವರು ತಮ್ಮ ತಮ್ಮ ಬೋರ್ಡಿಂಗುಗಳನ್ನು ತೆರೆದರು. ಇದರಲ್ಲಿ ಜಾತಿಯ ವಾಸನೆ ಇರಲಿಲ್ಲವೆನ್ನುವದು ಸುಳ್ಳು. ಬೇರೆಯವರ ಪಂಕ್ತಿಯಲ್ಲಿ ಸ್ಥಳವಿಲ್ಲದವರ ಮಕ್ಕಳಿಗಾಗಿ ಡಾ. ಅಂಬೇಡಕರರೇ 1929ರಲ್ಲಿ ಇಲ್ಲಿ ವಸತಿಗೃಹವನ್ನು ತೆರೆಯಬೇಕಾಯಿತು. ವಿದ್ಯೆಯ ಊರೆಂದು ಎದೆಯುಬ್ಬಿಸುವವರು ಈ ಮಾತನ್ನೂ ನೆನೆಯಬೇಕು.

ಆ ಹುಡುಗರು ಇಂದೂ ಬರುತ್ತಿದ್ದಾರೆ. ಸಪ್ತಾಪುರದ ಓಣಿಗಳಲ್ಲಿ ಹೋಗಿ ನೋಡಿರಿ. ಒಂದು ಕೋಣೆಯಲ್ಲಿ ಮೂವರು ನಾಲ್ವರು, ಗೋಡೆಗೆ ಭೂಪಟ, ಮೂಲೆಯಲ್ಲಿ ಊರಿಂದ ಬಂದ ರೊಟ್ಟಿಯ ಗಂಟು. ಪೋಲೀಸ ಪರೀಕ್ಷೆ, ಶಿಕ್ಷಕರ ಪರೀಕ್ಷೆ, ತಹಸೀಲದಾರರ ಪರೀಕ್ಷೆ. ಅಧಿಸೂಚನೆ ಬರುವದೇ ಎಂದು ವರ್ಷ ಎರಡು ವರ್ಷ ಕಾಯುವರು. ತಂದೆಯು ಎರೆಹೊಲದ ಮೇಲೆ ಸಾಲ ಮಾಡಿ ಹಣ ಕಳಿಸುವನು. ಓದಲು ಶಾಂತವಾದ ಸ್ಥಳ ಬೇಕಾದರೆ ತಿಂಗಳಿಗೆ ಇಷ್ಟೆಂದು ಕೊಟ್ಟು ಖಾಸಗಿ ಓದುಕೋಣೆಯಲ್ಲಿ ಒಂದು ಕುರ್ಚಿಯನ್ನು ಬಾಡಿಗೆಗೆ ಹಿಡಿಯುವರು. ವಿದ್ಯಾವರ್ಧಕ ಸಂಘ ಹುಟ್ಟಿದ ಊರಿನಲ್ಲಿ ಪುಸ್ತಕದ ಮುಂದೆ ಕೂಡ್ರುವದಕ್ಕೂ ಬಾಡಿಗೆ! ಈ ಮಕ್ಕಳನ್ನು ನಾವು ಬಾಡಿಗೆದಾರರೆಂದು ಕಾಣುತ್ತೇವೆ, ಊರಿನವರೆಂದು ಕಾಣುವದಿಲ್ಲ. ಅವರೂ ಊರನ್ನು ಬಸ್ಸಿನ ನಿಲ್ದಾಣದಂತೆ ಕಾಣುವರು.

ಇನ್ನೊಂದು ಗಾಯದ ಮಾತನ್ನು ಆಡದೆ ಮುಂದೆ ಹೋಗಲಾರೆವು. 2015ರ ಆಗಸ್ಟ 30ರ ಮುಂಜಾನೆ, ವಚನಗಳನ್ನೂ ಶಾಸನಗಳನ್ನೂ ಶೋಧಿಸುತ್ತ ಜನ್ಮ ಸವೆಸಿದ ಡಾ. ಎಂ. ಎಂ. ಕಲಬುರ್ಗಿಯವರು ಕಲ್ಯಾಣನಗರದ ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದರು. ಬಾಗಿಲು ತಟ್ಟಿದವರಿಗೆ ಬಾಗಿಲು ತೆಗೆಯುವದು ಈ ಊರಿನ ಮಾಸ್ತರರ ರೂಢಿ. ಕೊಂದವರು ಆ ರೂಢಿಯನ್ನೇ ಆಯುಧವನ್ನಾಗಿ ಮಾಡಿಕೊಂಡರು. ಅವರ ಮತಗಳನ್ನು ಒಪ್ಪುವವರು ಇದ್ದರು, ಒಪ್ಪದವರು ಇದ್ದರು. ಒಪ್ಪದವನು ಲೇಖನ ಬರೆದು ಖಂಡಿಸುವದು, ಮರುದಿನ ಇಬ್ಬರೂ ಒಂದೇ ಸಭೆಯಲ್ಲಿ ಕೂಡ್ರುವದು ಧಾರವಾಡದ ಪದ್ಧತಿಯಾಗಿತ್ತು. ವಿದ್ಯಾಪೀಠಕ್ಕೆ ಕಟ್ಟಡ ಬೇಕು, ಅನುದಾನ ಬೇಕು, ನಿಜ. ಒಬ್ಬನು ತನಗೆ ಕಂಡುದನ್ನು ಹೇಳಿ ರಾತ್ರಿ ನಿಶ್ಚಿಂತೆಯಿಂದ ಮಲಗುವ ಊರು ಅದಕ್ಕೆ ಇವೆರಡಕ್ಕಿಂತ ಮೊದಲು ಬೇಕು. ಆ ಊರನ್ನು ಕಾಯುವ ಕೆಲಸವು ಉಪಕುಲಪತಿಗಳದಲ್ಲ, ನಮ್ಮದು.

ಈಗ ಕೆಲಸದ ಮಾತಿಗೆ ಬರುವೆವು. ಹೊಸ ಪಾಲಿಕೆಯ ಮುಂದೆ ರಸ್ತೆ, ಗಟಾರ, ದೀಪಗಳ ಬೇಡಿಕೆಗಳನ್ನು ಇಡುವವರು ಬೇಕಾದಷ್ಟು ಇದ್ದಾರೆ. ನಾವು ಎರಡನ್ನು ಇಡಬಯಸುವೆವು. ಉಳಿದ ಕೆರೆಗಳ ಮೇರೆಗಳನ್ನು ಅಳೆದು, ಕಲ್ಲು ನೆಟ್ಟು, ನಕಾಶೆಯನ್ನು ಎಲ್ಲರಿಗೂ ಕಾಣುವಂತೆ ತೂಗಹಾಕಬೇಕು. ಕೃಷಿ ವಿದ್ಯಾಪೀಠದಲ್ಲಿಯೂ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಈ ಕೆಲಸ ಬಲ್ಲವರು ಇರುವಾಗ ಹೊರಗಿನ ಗುತ್ತಿಗೆದಾರರಿಗೆ ಹಣ ಸುರಿಯುವ ಕಾರಣವಿಲ್ಲ. ಎರಡನೆಯದು ವಾಚನಾಲಯ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯದೆಯು 1965ರದು. ಅದರ ಪ್ರಕಾರ ನಾವು ತುಂಬುವ ಪ್ರತಿ ನೂರು ರೂಪಾಯಿ ಮನೆಪಟ್ಟಿಯ ಮೇಲೆ 6 ರೂಪಾಯಿ ಗ್ರಂಥಾಲಯ ಕರವಿರುವದು. ವಸೂಲು ಮಾಡುವದು ನಗರಾಡಳಿತ. ಆ ಹಣವು ಸಲ್ಲಬೇಕಾದುದು ಗ್ರಂಥಾಲಯಕ್ಕೆ. ಈ ಊರಿನ ಮನೆಗಳಿಂದ ಆ ಬಾಬತಿನಲ್ಲಿ ಎಷ್ಟು ಕೂಡಿತು, ಎಷ್ಟು ಸಂದಿತು, ಎಷ್ಟು ಬಾಕಿ ಉಳಿಯಿತು ಎಂಬ ಲೆಕ್ಕವನ್ನು ಕೇಳುವ ಹಕ್ಕನ್ನು 2005ರ ಮಾಹಿತಿ ಹಕ್ಕಿನ ಕಾಯದೆಯು ನಮಗೆಲ್ಲರಿಗೂ ಕೊಟ್ಟಿರುವದು. ರೊದ್ದ ಶ್ರೀನಿವಾಸರಾಯರಂತೆ ವಂತಿಗೆಗಾಗಿ ಊರೂರು ತಿರುಗುವ ಕಷ್ಟವೂ ಇಲ್ಲ. ಹಣವನ್ನು ನಾವು ಆಗಲೇ ಕೊಟ್ಟಿರುವೆವು. ಆ ಹಣದಿಂದ ವಾರ್ಡಿಗೊಂದು ಓದುವ ಕೋಣೆ, ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ತೆರೆದದ್ದು, ಸಪ್ತಾಪುರದ ಹುಡುಗನಿಗೂ ಗವಳಿಗಲ್ಲಿಯ ಹುಡುಗಿಗೂ ಪುಕ್ಕಟೆಯಾಗಿ ಸಿಗುವದು, ಆಗದ ಮಾತಲ್ಲ.

ಲೆಕ್ಕ ಕೇಳುವ ಅರ್ಜಿಯನ್ನು ನಾವು ಬರೆದೇ ತಂದಿರುವೆವು. ಒಂದೂವರೆ ಪುಟದ್ದು, ಕನ್ನಡದಲ್ಲಿದೆ. ಹೊರಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿರುವದು. ಓದಿ, ಒಪ್ಪಿಗೆಯಾದವರು ರುಜು ಮಾಡಿ ಹೋಗಬಹುದು. ಒಪ್ಪಿಗೆಯಾಗದವರು ಯಾವ ಸಾಲನ್ನು ತಿದ್ದಬೇಕೆಂದು ಅದರ ಅಂಚಿನಲ್ಲಿಯೇ ಬರೆಯಬೇಕಾಗಿ ವಿನಂತಿ.